ಕಹಳೆಗೊಂದು ಒಗ್ಗರಣೆ

ಮದುವೆ ಮನೆಯಲ್ಲಿ ಮಜ್ಜಿಗೆ ಬಕೆಟ್ ಹಿಡಿದು ಎರಡು ಪಂಕ್ತಿ ಓಡಾಡಿದ ಗಂಡಸಿಗೆ ಒಂದು ಭ್ರಮೆ ಅಂಟಿಕೊಳ್ಳುತ್ತದೆ. ಆ ಐನೂರು ಜನರ ಅಡುಗೆಯನ್ನೂ ತಾನೇ ಮಾಡಿದೆ ಅನ್ನೋ ಭ್ರಮೆ. ನಿಮಗೂ ಅಂಟಿರುತ್ತೆ, ಸುಮ್ಮನೆ ಒಪ್ಪಿಕೊಂಡುಬಿಡಿ. ನನ್ನದಕ್ಕೆ ಈಗ ಮೂವತ್ತು ವರ್ಷ. ಹಾಸನದಲ್ಲಿ ಸೋದರಮಾವನ ಮಗನ ಮದುವೆ. ಕೊನೆಯ ಪಂಕ್ತಿಗೆ ಬಡಿಸುವವರು ಸಿಗದೆ, ಬೇರೆ ಗತಿಯಿಲ್ಲದೆ, ಅಡುಗೆ ಭಟ್ಟರು ನನ್ನ ಕೈಗೆ ಬಕೆಟ್ ಕೊಟ್ಟರು. ಅರ್ಧ ಮಜ್ಜಿಗೆ ಎಲೆಗೆ ಬಿತ್ತು, ಉಳಿದರ್ಧ ಬೀಗರ ಪಂಚೆಗೆ. ಇಷ್ಟು ಭದ್ರವಾದ ಬುನಾದಿಯ ಮೇಲೆ ನಿಂತು, ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬುತ್ತಿದ್ದಾಗ, "ನೂರಕ್ಕಿಂತ ಹೆಚ್ಚು ಜನರಿಗೆ ಅಡುಗೆ ಮಾಡಿದ ಅನುಭವ ಇದೆಯೇ?" ಅನ್ನುವ ಪ್ರಶ್ನೆ ಬಂತು. ನನ್ನ ಬೆರಳು ನನ್ನನ್ನು ಒಂದು ಮಾತೂ ಕೇಳದೆ "ಹೌದು" ಒತ್ತಿಬಿಟ್ಟಿತು.

ಹಿಂದಿನಿಂದ ಇಣುಕುತ್ತಿದ್ದ ಹೆಂಡತಿ ಹೇಳಿದಳು, "ರೀ, ಮನೇಲಿ ಮೂರು ಜನಕ್ಕೆ ಅನ್ನಕ್ಕಿಟ್ರೆ ಮೂರು ದಿನ ಮೊಸರನ್ನ ತಿನ್ನೋ ಹಾಗೆ ಮಾಡ್ತೀರಿ. ಅಲ್ಲಿ ಅಕ್ಕಿ ಮುಟ್ಟಬೇಡಿ, ನಿಮ್ಮ ದಮ್ಮಯ್ಯ." ಆ ಮಾತು ಅಲ್ಲೇ ಕೇಳಿದ್ದರೆ ನೀವೀಗ ಓದುತ್ತಿರುವುದು ಬೇರೆ ಯಾರದೋ ಲೇಖನವಾಗಿರುತ್ತಿತ್ತು.

ಅರ್ಜಿ ಯಾವುದಕ್ಕೆ ಅಂತ ಹೇಳಬೇಕಲ್ಲ. ನನ್ನ ಮಗಳು ಡ್ರಮ್ ಅಂಡ್ ಬ್ಯೂಗಲ್ ಕೋರ್ ಒಂದರಲ್ಲಿ ಮೆಲೊಫೋನ್ ಊದುತ್ತಾಳೆ. ಮೆಲೊಫೋನ್ ಅಂದರೆ ಫ್ರೆಂಚ್ ಹಾರ್ನಿನ ಚಿಕ್ಕಮ್ಮನ ಮಗಳು ಅಂದುಕೊಳ್ಳಿ. ಬಾಯಿ ಮಾತ್ರ ನೆಟ್ಟಗೆ ಮುಂದಕ್ಕೆ ಚಾಚಿರುತ್ತೆ. ತಂಡದ ಹೆಸರಿನಲ್ಲೇ ನನ್ನ ಮೊದಲ ಎಡವಟ್ಟು. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಬರೆದ ಹಾಗೇ "ಕಾರ್ಪ್ಸ್" ಅಂತ ಓದಿ, ಆಫೀಸಿನಲ್ಲೆಲ್ಲ "ನನ್ನ ಮಗಳು ಕಾರ್ಪ್ಸ್ ಸೇರಿದ್ದಾಳೆ" ಅಂತ ಎರಡು ವಾರ ಹೇಳಿಕೊಂಡು ತಿರುಗಿದೆ. ಜನ ಯಾಕೆ ಮುಖ ಸಣ್ಣ ಮಾಡಿಕೊಂಡು ಹೆಗಲು ತಟ್ಟುತ್ತಾರೆ ಅಂತ ತಿಳಿಯಲಿಲ್ಲ. ಕೊನೆಗೆ ಮಗಳೇ ಹೇಳಿದಳು, "ಅಪ್ಪಾ, ಅದು ಕೋರ್. ನೀನು ಹೇಳ್ತಿರೋದು ಹೆಣ."

ಇವು ಮೊದಲ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರ ಸಂಘಗಳು ಬೆಳೆಸಿದ ತಂಡಗಳು. ನಗಾರಿ, ಕಹಳೆ, ಬಾವುಟ. 1971ರಲ್ಲಿ ದೊಡ್ಡ ತಂಡಗಳೆಲ್ಲ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಕಟ್ಟಿಕೊಂಡವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ಹೆಸರಿನಲ್ಲಿ ಬ್ಯೂಗಲ್ ಇದ್ದರೂ, ಜಿ ಶ್ರುತಿಯ ಹಳೆಯ ಬ್ಯೂಗಲ್ಲೇ ಊದಬೇಕೆಂಬ ಕಟ್ಟಳೆ 2000ದ ಹೊತ್ತಿಗೆ ಸಡಿಲವಾಗಿ ಈಗ ಟ್ರಂಪೆಟ್ಟು, ಟ್ಯೂಬಾಗಳೇ ಇರುತ್ತವೆ. ಒಂದೊಂದು ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಮಕ್ಕಳು. ವಯಸ್ಸು ಇಪ್ಪತ್ತೊಂದು, ಇಪ್ಪತ್ತೆರಡು ದಾಟುವ ಹೊತ್ತಿಗೆ ಆಟ ಮುಗಿಯಿತು. ಹನ್ನೊಂದು ಹನ್ನೆರಡು ನಿಮಿಷದ ಒಂದು ಪ್ರದರ್ಶನಕ್ಕಾಗಿ ಮೇ ತಿಂಗಳ ಕೊನೆಯಿಂದ ಆಗಸ್ಟಿನವರೆಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಬಿಸಿಲಿನಲ್ಲಿ ತಾಲೀಮು. ರಾತ್ರಿ ಬಸ್ಸಿನಲ್ಲಿ ನಿದ್ದೆ, ಬೆಳಗಿನ ಜಾವ ಯಾವುದೋ ಊರಿನ ಹೈಸ್ಕೂಲಿನ ಜಿಮ್ ನೆಲದ ಮೇಲೆ ಉಳಿದ ನಿದ್ದೆ. ಇದಕ್ಕೆ ಸಂಬಳ ಎಷ್ಟು ಅಂತ ನಮ್ಮಮ್ಮ ಊರಿನಿಂದ ಫೋನಿನಲ್ಲಿ ಕೇಳಿದಳು. ನಾವೇ ಸಾವಿರಾರು ಡಾಲರ್ ಕೊಡಬೇಕು ಅಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದೇ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ ನಾನು ಎರಡು ಸಲ "ಹಲೋ" ಅಂದೆ.

ಬ್ಯೂಗಲ್ಲಿಗೂ ಊಟಕ್ಕೂ ನನಗೆ ಹಳೆಯ ನಂಟುಂಟು. ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿ ಬ್ಯೂಗಲ್ ಹಿಡಿದೆ. ಒಂದು ವರ್ಷ ಊದಿದರೂ ಅದರಿಂದ ಹೊರಬಂದಿದ್ದು ಉಗುಳು ಮಾತ್ರ. ಆದರೂ ಬಿಡದೆ ಹೋಗುತ್ತಿದ್ದೆ, ಯಾಕಂದರೆ ಭಾನುವಾರದ ಪರೇಡ್ ಮುಗಿದ ಮೇಲೆ ಪೂರಿ ಸಾಗು ಕೊಡುತ್ತಿದ್ದರು. ಇವತ್ತಿಗೂ ಬ್ಯೂಗಲ್ ಕೇಳಿದರೆ ನನಗೆ ದೇಶಭಕ್ತಿ ಉಕ್ಕುವುದಿಲ್ಲ, ಬಾಯಲ್ಲಿ ನೀರೂರುತ್ತದೆ.

ಇಂಥ ತಂಡದ ಜೊತೆ ಐವತ್ತಮೂರು ಅಡಿ ಉದ್ದದ ಒಂದು ಟ್ರೈಲರು ಊರೂರು ತಿರುಗುತ್ತದೆ. ಒಳಗೆ ಪೂರ್ತಿ ಅಡುಗೆಮನೆ: ಒಲೆ, ಅಗಲವಾದ ಬಗ್ಗಿಸುವ ಬಾಣಲೆ, ಫ್ರಿಜ್ಜು, ತಟ್ಟೆ ಗೂಡು ಎಲ್ಲ. ಮಕ್ಕಳು, ಕಲಿಸುವವರು, ಬಸ್ ಓಡಿಸುವವರು ಸೇರಿ ಇನ್ನೂರಿಪ್ಪತ್ತು ಬಾಯಿಗೆ ದಿನಕ್ಕೆ ನಾಲ್ಕು ಹೊತ್ತು. ನಾಲ್ಕನೆಯದು ಪ್ರದರ್ಶನ ಮುಗಿದ ಮೇಲೆ ನಡುರಾತ್ರಿಯಲ್ಲಿ. ಅದನ್ನು ಅವರು "ಸ್ನ್ಯಾಕ್" ಅನ್ನುತ್ತಾರೆ, ನಮ್ಮಲ್ಲಾದರೆ ಅಷ್ಟರಲ್ಲಿ ನಾಮಕರಣ ಮುಗಿಸುತ್ತಿದ್ದೆವು. ಬಡಿಸುವವರು, ಹೆಚ್ಚುವವರು ಎಲ್ಲ ರಜೆ ಹಾಕಿ ಬಂದ ಅಪ್ಪ ಅಮ್ಮಂದಿರು. ನಾನು ಒಂಬತ್ತು ದಿನಕ್ಕೆ ಹೆಸರು ಕೊಟ್ಟಿದ್ದೆ. ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಸೇರಿಕೊಂಡು ಇಂಡಿಯಾನಾಪೊಲಿಸ್‌ನ ಫೈನಲ್ಸ್‌ವರೆಗೆ. ಮಗಳ ಸಂದೇಶ ಬಂತು: "ಬಾ ಅಪ್ಪಾ. ಆದ್ರೆ ಪ್ಲೀಸ್, ಹೊಸದೇನೂ ಮಾಡಬೇಡ. ನನ್ನ ಹೆಸರು ಕೂಗಬೇಡ."

ಗುರುವಾರ ರಾತ್ರಿ ಹತ್ತಕ್ಕೆ ತಂಡ ಇಳಿಯಬೇಕಿದ್ದ ಶಾಲೆ ತಲುಪಿದೆ. ಮಕ್ಕಳ ಬಸ್ಸು ಇನ್ನೂ ದಾರಿಯಲ್ಲಿತ್ತು, ಮೊದಲೇ ಬಂದಿದ್ದ ಟ್ರಕ್ಕಿನ ಯಜಮಾನಿ ಮಾತ್ರ ಇದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ಶಾಲೆಯ ಊಟದ ಮನೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು, ಬೆಳ್ಳಿ ಕೂದಲು, ಬೆಣ್ಣೆಯಂಥ ಮಾತು. ಟ್ರೈಲರಿನ ಬಾಗಿಲ ಒಳಬದಿಗೆ ಅಂಟಿಸಿದ್ದ ಹಾಳೆ ತೋರಿಸಿ, "ಹನ್ನೊಂದೇ ನಿಯಮ. ಓದಿಕೊಂಡುಬಿಡಿ, ಆಮೇಲೆ ಎಲ್ಲ ಸುಲಭ" ಅಂದರು. ನನ್ನ ಓದುವ ಕನ್ನಡಕ ಕಾರಿನಲ್ಲಿತ್ತು. ಕಾರು ದೂರದಲ್ಲಿತ್ತು. ಮೊದಲನೆಯದು "ಕೈ ತೊಳೆಯಿರಿ" ಅಂತ ಹೇಗೋ ಕಾಣಿಸಿತು. ಉಳಿದ ಹತ್ತೂ ಅದೇ ಜಾತಿಯವು ಇರಬೇಕು ಅಂತ ತಲೆಯಾಡಿಸಿದೆ.

"ಮಲಗೋ ಜಾಗ ಎಡಗಡೆ" ಅಂದಿದ್ದರು. ಯಾರ ಎಡಗಡೆ ಅಂತ ನಾನು ಕೇಳಲಿಲ್ಲ. ಅಡುಗೆಯವರಿಗೆ ಕೊಟ್ಟಿದ್ದ ತರಗತಿಯ ಕೋಣೆ ಬಿಟ್ಟು ದೊಡ್ಡ ಜಿಮ್ಮಿನ ನಟ್ಟನಡುವೆ ಗಾಳಿ ಹಾಸಿಗೆ ಹಾಸಿ ಮಹಾರಾಜನ ಹಾಗೆ ಮಲಗಿದೆ. ರಾತ್ರಿ ಮೂರೂವರೆಗೆ ಎಚ್ಚರವಾಯಿತು. ಹಾಸಿಗೆಯ ಗಾಳಿ ಪೂರ್ತಿ ಇಳಿದು ನಾನು ಚಾಪೆಗಿಂತ ತೆಳುವಾದ ಪ್ಲಾಸ್ಟಿಕ್ಕಿನ ಮೇಲಿದ್ದೆ. ಕಗ್ಗತ್ತಲೆ, ಸದ್ದಿಲ್ಲ. ಎಲೆಕ್ಟ್ರಿಕ್ ಪಂಪು ತಡಕಿ, ಗೋಡೆ ಸವರಿ ಪ್ಲಗ್ ಹುಡುಕಿ, ಗುಂಡಿ ಒತ್ತಿದೆ. ಖಾಲಿ ಜಿಮ್ಮಿನಲ್ಲಿ ಆ ಪಂಪು ನೆಗಡಿಯಾದ ಆನೆಯ ಹಾಗೆ ಕೂಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಜಿಮ್ಮು ಖಾಲಿಯಿಲ್ಲ ಅನ್ನುವುದಂತೂ ಮೊದಲೇ ಗೊತ್ತಿರಲಿಲ್ಲ. ಕಾಲು ಗಂಟೆಯ ಹಿಂದಷ್ಟೇ ಬಸ್ಸಿಳಿದು, ಈ ಮಲಗಿದ ಮಾನವನನ್ನು ಎಬ್ಬಿಸಬಾರದೆಂದು ತುದಿಗಾಲಲ್ಲಿ ಬಂದು, ನನ್ನ ಸುತ್ತ ಅಚ್ಚುಕಟ್ಟಾಗಿ ಮಲಗಿಕೊಂಡಿದ್ದ ನೂರೈವತ್ತಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಎದ್ದು ಕೂತರು. ಎಂಥ ಶಿಸ್ತು ನೋಡಿ: ಒಬ್ಬರೂ ಬೈಯಲಿಲ್ಲ. ಅದೇ ಬೆಳಗಿನ ಸದ್ದು ಅಂದುಕೊಂಡು ಅರ್ಧ ಜನ ಕಣ್ಣು ಮುಚ್ಚಿಕೊಂಡೇ ಮಲಗುವ ಚೀಲ ಸುತ್ತಿ, ಶೂ ಹಾಕಿ, ಬಾಗಿಲ ಕಡೆ ಸಾಲು ಕಟ್ಟಿದರು. ದೂರದ ಮೂಲೆಯಿಂದ ಒಂದು ಪರಿಚಿತ ದನಿ ಕನ್ನಡದಲ್ಲಿ, ಬಹಳ ಸಣ್ಣಗೆ, "ಅಯ್ಯೋ ದೇವರೇ" ಅಂದಿದ್ದು ನನಗೊಬ್ಬನಿಗೇ ಅರ್ಥವಾಯಿತು.

ಬೆಳಗ್ಗೆ ಐದಕ್ಕೆ ಟ್ರಕ್ಕಿಗೆ ಹೋದರೆ ಹಾಳೆಯ ಕೆಳಗೆ ಪೆನ್ನಿನಲ್ಲಿ ಹೊಸ ಸಾಲು: "12. ರಾತ್ರಿ ಹತ್ತರ ಮೇಲೆ ಗಾಳಿ ಪಂಪು ಕೂಡದು." ಯಜಮಾನಿ ನನ್ನ ಮುಖ ನೋಡದೆ, ನಗುವನ್ನು ಕಾಫಿ ಲೋಟದೊಳಗೆ ಬಚ್ಚಿಟ್ಟುಕೊಂಡು, ಮೊಟ್ಟೆ ಕದಡುತ್ತಿದ್ದರು.

ಆ ಮಕ್ಕಳು ತಿನ್ನುವುದನ್ನು ಒಮ್ಮೆ ನೋಡಬೇಕು ಸ್ವಾಮಿ. ಬೆಳಗಿನ ತಿಂಡಿಗೇ ಮೂವತ್ತು ಡಜನ್ ಮೊಟ್ಟೆ, ಬಾಳೆಹಣ್ಣಿನ ಪೆಟ್ಟಿಗೆಗಳು, ಹಾಲು, ಓಟ್ಸ್, ಬ್ರೆಡ್ಡು. ಹದಿನೈದು ಕಿಲೋ ತೂಕದ ಟ್ಯೂಬಾ ಹೆಗಲ ಮೇಲೆ ಹೊತ್ತು ಹಿಂದಕ್ಕೆ ಓಡುವ ಹುಡುಗ ತಟ್ಟೆ ಹಿಡಿದು ಬಂದರೆ, ಸೌಟು ಹಿಡಿದವನ ಕೈ ತಾನಾಗಿ ಎರಡು ಸಲ ಹೋಗುತ್ತದೆ. ನಗಾರಿಯವರು ಊಟದ ಸಾಲಿನಲ್ಲೂ ಸುಮ್ಮನಿರುವುದಿಲ್ಲ. ಫೋರ್ಕಿನಲ್ಲಿ ತಟ್ಟೆ ಮೇಲೆ ಟಕಟಕ ನುಡಿಸುತ್ತಲೇ ಬರುತ್ತಾರೆ. ಕಾಲು ಗಂಟೆಯಲ್ಲಿ ಇನ್ನೂರು ತಟ್ಟೆ ಖಾಲಿ, ಇಪ್ಪತ್ತನೆಯ ನಿಮಿಷಕ್ಕೆ ಮೈದಾನದಲ್ಲಿ ಮೆಟ್ರೊನೋಮಿನ ಟಿಕ್ ಟಿಕ್. ನಾನು ಆ ಹೊತ್ತಿಗೆ ಇನ್ನೂ ನನ್ನ ಏಪ್ರನ್ನಿನ ಗಂಟು ಹಾಕಿಕೊಳ್ಳುತ್ತಿದ್ದೆ. ಅಮೆರಿಕದಲ್ಲಿ ಎಷ್ಟೋ ವರ್ಷವಿದ್ದರೂ ಸಸ್ಯಾಹಾರ ಬಿಡದ ನನಗೆ ಬೇಕನ್ ತಿರುವುವ ಕೆಲಸ ಬಂದಾಗ, ಚಿಮ್ಮಟವನ್ನು ಇಡೀ ತೋಳು ಚಾಚಿ, ಮುಖ ಆಚೆ ತಿರುಗಿಸಿ, ನಾಗರಹಾವು ಹಿಡಿಯುವವನ ಹಾಗೆ ನಿಂತಿದ್ದೆನಂತೆ. ಐದೇ ನಿಮಿಷಕ್ಕೆ ಆ ಚಿಮ್ಮಟವನ್ನು ನನ್ನಿಂದ ಮೆಲ್ಲಗೆ ಬಿಡಿಸಿಕೊಂಡರು.

ಮಧ್ಯಾಹ್ನ ಬ್ರೆಡ್ಡಿನ ಮೇಜಿನ ಉಸ್ತುವಾರಿ. ಟ್ರಕ್ಕಿನಲ್ಲಿ ಏನಿಲ್ಲದಿದ್ದರೂ ಕಡಲೆಕಾಯಿ ಬೆಣ್ಣೆ ಮತ್ತು ಜಾಮ್ ಸದಾ ಇರಬೇಕು. ಊಟ ಸಾಲದವರು ಅದರ ಮೇಲೆ ಬೀಳುತ್ತಾರೆ. ಪಕ್ಕದಲ್ಲೇ ಇನ್ನೊಂದು ಪುಟ್ಟ ಮೇಜು, ಕಡಲೆಕಾಯಿ ಆಗಿಬರದ ಮಕ್ಕಳಿಗೆ. ಅದರ ಬ್ರೆಡ್ಡು, ಜಾಮು, ಚಾಕು ಎಲ್ಲ ಬೇರೆ. ನಮ್ಮ ಮನೆಯಲ್ಲಿ ಸಾರಿನ ಸೌಟೇ ಪಲ್ಯಕ್ಕೂ, ಪಲ್ಯದ್ದೇ ಮೊಸರಿಗೂ ಹೋಗಿಬಂದು ಅಭ್ಯಾಸ ನೋಡಿ, ಕಡಲೆಕಾಯಿ ಬೆಣ್ಣೆಯ ಡಬ್ಬಿಯಿಂದ ಎತ್ತಿದ ಚಾಕುವನ್ನು ನಾನು ಭಕ್ತಿಯಿಂದ ಆ ಪುಟ್ಟ ಮೇಜಿನ ಜಾಮಿನೊಳಗೆ ಇಳಿಸಿದೆ. ಇಳಿಸಿದ್ದಷ್ಟೇ ಗೊತ್ತು. ಯಜಮಾನಿ ಅಷ್ಟು ದೂರದಿಂದ ಹೇಗೆ ಹಾರಿ ಬಂದರೋ! ಮಕ್ಕಳು ಸಾಲಿಗೆ ಬರುವ ಮೊದಲೇ ಸಿಕ್ಕಿಬಿದ್ದಿದ್ದು ನನ್ನ ಪುಣ್ಯ; ಅಲರ್ಜಿ ನಗುವ ವಿಷಯವಲ್ಲ ಅನ್ನುವುದು ನನಗೂ ಗೊತ್ತು. ನಾಲ್ಕು ಪೌಂಡ್ ಬ್ರೆಡ್ಡು, ಎರಡು ಡಬ್ಬಿ ಜಾಮು ಕಸಕ್ಕೆ ಹೋದವು. ಮೇಜನ್ನು ಮೂರು ಸಲ ತೊಳೆದರು. ನನ್ನನ್ನು ಒಂದು ಸಲ. ಸಂಜೆಗೆ ಹಾಳೆಯಲ್ಲಿ: "13. ಒಂದು ಚಾಕುವಿಗೆ ಒಂದೇ ಡಬ್ಬಿ. ಮದುವೆ ಇದ್ದ ಹಾಗೆ."

ಇಷ್ಟಾದ ಮೇಲೆ ಬುದ್ಧಿ ಇರುವವನು ಮೂಲೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಾನೆ. ನಾನು ಕಳೆದ ಮರ್ಯಾದೆಯನ್ನು ಅದೇ ಮಧ್ಯಾಹ್ನ ವಸೂಲು ಮಾಡಲು ಹೊರಟೆ. ಮೈದಾನಕ್ಕೆ ಹೋಗುವ ದೊಡ್ಡ ನೀರಿನ ಪೀಪಾಯಿಗಳಿಗೆ ನೀಲಿ ಪುಡಿ ಬೆರೆಸಬೇಕಿತ್ತು, ಬೆವರಿನಲ್ಲಿ ಹೋದ ಉಪ್ಪು ಸಕ್ಕರೆ ವಾಪಸ್ ಬರಲಿ ಅಂತ. ಎಷ್ಟು ನೀರಿಗೆ ಎಷ್ಟು ಪುಡಿ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಕನ್ನಡಕ ಎಲ್ಲಿತ್ತು ಅಂತ ನಿಮಗೆ ಗೊತ್ತಿದೆ. ಒಂದು ಪೊಟ್ಟಣ ಸುರಿದು ರುಚಿ ನೋಡಿದೆ, ಸಪ್ಪೆ. ರಾಮನವಮಿಗೆ ಇಂಥ ಪಾನಕ ಕೊಟ್ಟರೆ ರಾಮನೇ ಎದ್ದು ಹೋಗುತ್ತಾನೆ ಅನ್ನಿಸಿ ಇನ್ನೂ ಐದು ಸುರಿದೆ. ಏಲಕ್ಕಿ ಸಿಗಲಿಲ್ಲ, ಇಲ್ಲದಿದ್ದರೆ ಅದನ್ನೂ ಹಾಕುತ್ತಿದ್ದೆ.

ನೀಲಕಂಠ ಅಂತ ಪುರಾಣದಲ್ಲಿ ಒಬ್ಬನನ್ನೇ ಓದಿದ್ದೇನೆ. ಅವತ್ತು ಎಪ್ಪತ್ತು ಜನ ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ನಾಲಿಗೆ ನೀಲಿ, ತುಟಿ ನೀಲಿ, ಕಹಳೆಯ ಬಾಯಿತುಂಡಿನ ಸುತ್ತ ನೀಲಿ ಬಳೆ. ಬಣ್ಣವಾದರೂ ಹೋಗಲಿ, ಸಕ್ಕರೆ! ಪಾಕ ಕುಡಿದ ಬಾಯಲ್ಲಿ ಊದಿದರೆ ಕಹಳೆಯ ಒಳಗೆ ಅಂಟು ಹಿಡಿಯುತ್ತದೆ, ವಾಲ್ವು ಒತ್ತಿದರೆ ಮೇಲೆ ಬರಲು ಮುನಿಸಿಕೊಳ್ಳುತ್ತದೆ. ಹಿತ್ತಾಳೆ ವಿಭಾಗದ ಶಿಕ್ಷಕರೊಬ್ಬರು ಟ್ರಕ್ಕಿನ ಕಿಟಕಿಗೆ ಬಂದು, ಕೈಯಲ್ಲಿದ್ದ ಬಾಯಿತುಂಡನ್ನು ಮೇಜಿನ ಮೇಲೆ ಇಟ್ಟು, ಮತ್ತೆ ಎತ್ತಲು ಹೋದರು. ಅದು ಬರಲಿಲ್ಲ. ಏನೂ ಹೇಳದೆ ನನ್ನ ಕಡೆ ನೋಡಿದರು. ನನ್ನ ನಾಲಿಗೆಯೂ ನೀಲಿಯಾಗಿದ್ದರಿಂದ ಸುಳ್ಳು ಹೇಳುವ ದಾರಿ ಇರಲಿಲ್ಲ. "14. ನೀಲಿ ಪುಡಿ: ಬರೆದಷ್ಟೇ. ಕನ್ನಡಕ ಹಾಕಿಕೊಂಡು ಓದಿ."

ಶನಿವಾರ ಆಲೆನ್‌ಟೌನ್‌ನಲ್ಲಿ ಪ್ರದರ್ಶನ. ಆ ದೊಡ್ಡ ಮನಸ್ಸಿನ ಹೆಂಗಸು ಬೆಳಗ್ಗೆಯೇ ನನ್ನ ಹೆಗಲು ತಟ್ಟಿ, "ನಿಮ್ಮೂರಿನದು ಏನಾದರೂ ಇವತ್ತಿನ ಊಟಕ್ಕೆ ಮಾಡ್ತೀರಾ? ಮಕ್ಕಳಿಗೂ ಬದಲಾವಣೆ" ಅಂದರು. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ನಾನಂತೂ ಈ ಗಳಿಗೆಗೇ ಕಾದಿದ್ದೆ. ಹೊರಡುವ ಮೊದಲು ಎಡಿಸನ್ನಿನ ಓಕ್ ಟ್ರೀ ರೋಡಿಗೆ ಹೋಗಿ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಒಂದು ಹೊರೆ ಕರಿಬೇವು ತಂದು ಕಾರಿನ ಡಿಕ್ಕಿಯಲ್ಲಿಟ್ಟಿದ್ದೆ, ಕನ್ನಡಕ ಮರೆತರೂ ಅದು ಮರೆತಿರಲಿಲ್ಲ. ಚಿತ್ರಾನ್ನ! ಹದಿಮೂರನೆಯ ನಿಯಮ ನೆನೆಸಿಕೊಂಡು ಕಡಲೆಕಾಯಿ ಬೀಜ ಮಾತ್ರ ಬಿಟ್ಟೆ. ಇಡೀ ಪ್ರವಾಸದಲ್ಲಿ ನಾನು ತಲೆ ಉಪಯೋಗಿಸಿದ್ದು ಅದೊಂದೇ ಸಲ.

ಲೆಕ್ಕ ಹಾಕಿದೆ. ಐವತ್ತು ಪೌಂಡಿನ ಅಕ್ಕಿ ಚೀಲ ಅಂದರೆ ಸುಮಾರು ಇಪ್ಪತ್ತಮೂರು ಕಿಲೋ. ತಲೆಗೆ ನೂರು ಗ್ರಾಂ ಅಕ್ಕಿ. ಬೇರೆ ಪದಾರ್ಥಗಳೂ ಇರುವಾಗ ಒಂದು ಚೀಲವೇ ಹೆಚ್ಚು. ಲೆಕ್ಕ ಸರಿಯಾಗಿತ್ತು. ಆದರೆ ನಾನು ಬೆಳೆದಿದ್ದು "ಇನ್ನೊಂದು ಹಿಡಿ ಹಾಕು, ಯಾರಾದರೂ ಬಂದಾರು" ಅನ್ನುವ ಮನೆಯಲ್ಲಿ. ಇನ್ನೊಂದು ಹಿಡಿ ಅನ್ನುವುದು ಇನ್ನೊಂದು ಚೀಲವಾಯಿತು. ಅನ್ನ ಅರಳಿತು. ಅರಳುತ್ತಲೇ ಹೋಯಿತು. ಬಾಣಲೆ ತುಂಬಿತು, ತಟ್ಟೆ ಗೂಡಿನ ಅಗಲ ಟ್ರೇಗಳು ತುಂಬಿದವು, ಸಲಾಡಿನ ಬೋಗುಣಿ ತುಂಬಿತು, ಕೊನೆಗೆ ಯಾರೋ ತೊಳೆದಿಟ್ಟಿದ್ದ ನೀರಿನ ಪೀಪಾಯಿಯೂ ತುಂಬಿತು. ನ್ಯೂಜೆರ್ಸಿಯಿಂದ ಹೆಂಡತಿಯ ಬಿಕ್ಕಳಿಕೆ ನನಗೆ ಕೇಳಿಸಿದ ಹಾಗಾಯಿತು.

ಹೋಗಲಿ ಅಂತ ಒಗ್ಗರಣೆಗೆ ಇಳಿದೆ. ಎರಡು ಲೀಟರ್ ಎಣ್ಣೆ, ಬಾಣಲೆಯ ಕೆಳಗೆ ಭೂತದಂಥ ಉರಿ. ಮನೆಯ ಸಣ್ಣ ಒಲೆಯ ಮೇಲೆ ಸಾಸಿವೆ ಸಿಡಿಯಲು ಅರ್ಧ ನಿಮಿಷ ಬೇಕು. ಇಲ್ಲಿ ಹಾಕಿದ ತಕ್ಷಣ ಯುದ್ಧ ಶುರುವಾಯಿತು. ಪಟಪಟ ಪಟಪಟ ಅಂತ ಟ್ರೈಲರಿನ ತಗಡಿನ ಗೋಡೆಗೆ ಹೊಡೆಯುವ ಸಾಸಿವೆಗೆ ಹೊರಗೆ ನಿಂತ ನಗಾರಿ ಹುಡುಗರು ತಲೆಯೆತ್ತಿ ನೋಡಿದರಂತೆ, ಯಾರಪ್ಪಾ ಇದು ಇಷ್ಟು ಶುದ್ಧವಾಗಿ ರೋಲ್ ನುಡಿಸುತ್ತಿರುವುದು ಅಂತ. ಗಾಬರಿಯಲ್ಲಿ ತೊಳೆದ ಕರಿಬೇವನ್ನು ನೀರು ಸಮೇತ ಹಾಕಿದೆ. ಎಣ್ಣೆ ಸೂರಿಗೆ ಹಾರಿತು. ನಾನು ಬಾಗಿಲಿಗೆ ಹಾರಿದೆ. ಹಾರುವಾಗ ಕೈಯಲ್ಲಿದ್ದ ಬೋಗುಣಿಯ ಮೆಣಸಿನಕಾಯಿ, ಅರ್ಧ ಕಿಲೋ, ಮುರಿದಿದ್ದು, ಬೀಜ ಸಮೇತ, ಒಂದೇ ಸಲಕ್ಕೆ ಬಾಣಲೆಗೆ ಬಿತ್ತು.

ಮೆಣಸಿನಕಾಯಿ ಸೀದ ಘಾಟು ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಟ್ರಕ್ಕಿನಲ್ಲಿದ್ದ ಆರು ಜನ ಸ್ವಯಂಸೇವಕರೂ ಕಣ್ಣೀರು ಸುರಿಸುತ್ತ, ಒಬ್ಬರ ಕೈ ಒಬ್ಬರು ಹಿಡಿದು ಹೊರಬಂದರು. ಯಾರೋ ಪುಣ್ಯಾತ್ಮರು ಹೊಗೆ ಹೊರಹಾಕುವ ಫ್ಯಾನನ್ನು ಪೂರ್ತಿ ಜೋರಾಗಿ ತಿರುಗಿಸಿದರು. ಒಳಗಿನ ಘಾಟೆಲ್ಲ ಒಂದು ಮೋಡವಾಗಿ ಹೊರಟು, ಪಾರ್ಕಿಂಗ್ ಜಾಗದ ಮೇಲೆ ನಿಧಾನಕ್ಕೆ ತೇಲಿತು. ಅಲ್ಲಿ ಕಹಳೆಯವರೆಲ್ಲ ಅರ್ಧಚಂದ್ರಾಕಾರ ನಿಂತು, ಪ್ರದರ್ಶನದ ದಿನದ ಅಭ್ಯಾಸ ಶುರು ಮಾಡುತ್ತಿದ್ದರು. ಕಹಳೆಯವರ ಅಭ್ಯಾಸ ಕಹಳೆಯಿಂದ ಶುರುವಾಗುವುದಿಲ್ಲ. ಉಸಿರಿನಿಂದ. ನಾಲ್ಕು ಎಣಿಕೆ ಒಳಗೆ, ನಾಲ್ಕು ಎಣಿಕೆ ಹೊರಗೆ, ಹೊಟ್ಟೆಯ ತಳ ಮುಟ್ಟುವ ಹಾಗೆ.

"ಒಳಗೆ..." ಅಂದರು ಶಿಕ್ಷಕರು. ಎಪ್ಪತ್ತು ಜೊತೆ ಶ್ವಾಸಕೋಶಗಳು ನನ್ನ ಒಗ್ಗರಣೆಯನ್ನು ಒಂದೇ ತಾಳದಲ್ಲಿ, ಒಂದೇ ಅಳತೆಯಲ್ಲಿ, ತಳದವರೆಗೆ ಎಳೆದುಕೊಂಡವು.

ಆ ಕೆಮ್ಮಿನಲ್ಲೂ ಎಂಥ ಒಗ್ಗಟ್ಟಿತ್ತು ಅಂತೀರಿ! ಮೊದಲು ಟ್ರಂಪೆಟ್ಟಿನವರು ಮೇಲಿನ ಸ್ಥಾಯಿಯಲ್ಲಿ, ಹಿಂದೆಯೇ ಮೆಲೊಫೋನು, ಆಮೇಲೆ ಟ್ಯೂಬಾದವರು ಮಂದ್ರದಲ್ಲಿ. ಶಿಕ್ಷಕರೂ ಕೆಮ್ಮಿದರು, ಆದರೆ ಮೈಕಿನಲ್ಲಿ. ಕಣ್ಣು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಈ ಲೋಕದಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಮಾತನ್ನೇ ಅಭ್ಯಾಸಬಲದಿಂದ ಹೇಳಿದರು: "ಒನ್ ಮೋರ್ ಟೈಮ್." ಮಕ್ಕಳು ಮತ್ತೆ ಉಸಿರೆಳೆದರು. ಮೋಡ ಇನ್ನೂ ಅಲ್ಲೇ ಇತ್ತು.

ನನ್ನ ಮಗಳು ಆ ಸಾಲಿನಲ್ಲೇ ಇದ್ದಳು. ಪಕ್ಕದ ಹುಡುಗಿ ಕೆಮ್ಮುತ್ತ "ಇದೇನಿದು ವಾಸನೆ?" ಅಂತ ಕೇಳಿದಳಂತೆ. ಇವಳಿಗೆ ಹುಟ್ಟಿದಾಗಿನಿಂದ ಪರಿಚಯದ ವಾಸನೆ. "ಗೊತ್ತಿಲ್ಲಪ್ಪ" ಅಂದಳಂತೆ. "15. ಎಣ್ಣೆಯಲ್ಲಿ ಏನನ್ನೇ ಸಿಡಿಸುವುದಿದ್ದರೂ ಟ್ರಕ್ಕಿನ ಹೊರಗೆ, ಗಾಳಿಯ ದಿಕ್ಕು ನೋಡಿಕೊಂಡು."

ಅಂತೂ ಸುಟ್ಟ ಮೆಣಸಿನಕಾಯಿ ಆಯ್ದು, ನಿಂಬೆಹಣ್ಣು ಹಿಂಡಿ, ಚಿತ್ರಾನ್ನ ಬಡಿಸಿದೆವು. ಸುಳ್ಳು ಯಾಕೆ ಹೇಳಲಿ, ತಿಂದರು. ಘಾಟಿನಲ್ಲಿ ಮೂಗು ಕಟ್ಟಿದ್ದರಿಂದ ಇರಬಹುದು. ಕೆಲವರು ಎರಡನೆಯ ಸಲವೂ ಬಂದರು. ಆದರೂ ಎರಡು ಚೀಲದ ಅನ್ನ ಮುಗಿಯುತ್ತದೆಯೇ? ರಾತ್ರಿ ಪ್ರದರ್ಶನ ಮುಗಿಸಿ ಬಂದಾಗ ನಡುರಾತ್ರಿಯ ಸ್ನ್ಯಾಕಿಗೂ ಅದನ್ನೇ ಕೊಟ್ಟೆವು. ಬಸ್ ಓಡಿಸುವವರಿಗೆ ಬುತ್ತಿ ಕಟ್ಟಿದೆವು. ಆಮೇಲೂ ಏಳು ಟ್ರೇ, ಒಂದು ಪೀಪಾಯಿ ಉಳಿಯಿತು. ಮಕ್ಕಳು ಸಾಮಾನು ಕಟ್ಟಿ ಬಸ್ಸು ಹತ್ತುತ್ತಿದ್ದರು, ಟ್ರಕ್ಕು ಒಹಾಯೋ ಕಡೆ ಹೊರಡಬೇಕಿತ್ತು. "ನೀವು ಫ್ರಿಜ್ಜಿನ ಕೆಲಸ ಮುಗಿಸಿ ಬಾಗಿಲು ಹಾಕಿಬಿಡಿ" ಅಂದರು. ನಾನು ಏಳೂ ಟ್ರೇಗಳನ್ನು ಪ್ರೀತಿಯಿಂದ ಜೋಡಿಸಿ, ಪೀಪಾಯಿ ಇಟ್ಟು, ಬಾಗಿಲು ತಳ್ಳಿದೆ. ಅದು "ಟಕ್" ಅಂದಿತು. ಟಕ್ ಅಂದಮೇಲೆ ಮುಗಿಯಿತಲ್ಲ ಅಂದುಕೊಂಡೆ. ಹೊರಗೊಂದು ಕಬ್ಬಿಣದ ಅಗುಳಿಯಿತ್ತು. ಅಗುಳಿಯ ಬಗ್ಗೆ ಒಂದು ನಿಯಮವೇ ಇತ್ತು, ಏಳನೆಯದು, ನಾನು ಓದದ ಹತ್ತರಲ್ಲಿ ಒಂದು.

ಪೆನ್ಸಿಲ್ವೇನಿಯಾ ಬೆಟ್ಟಗಳ ರಾಜ್ಯ. ರಸ್ತೆ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಭಾನುವಾರ ಬೆಳಗ್ಗೆ ಒಹಾಯೋದ ಶಾಲೆಯ ಅಂಗಳದಲ್ಲಿ, ಹಸಿದ ಮಕ್ಕಳ ಸಾಲು ಹಿಂದೆ ನಿಂತಿರುವಾಗ, ಯಜಮಾನಿ ಟ್ರೈಲರಿನ ಬಾಗಿಲು ಎಳೆದರು. ಮೊದಲು ಹೊರಬಂದಿದ್ದು ಪೀಪಾಯಿಯ ಮುಚ್ಚಳ. ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು, ಯಜಮಾನನನ್ನು ಗುರುತು ಹಿಡಿದ ನಾಯಿಯ ಹಾಗೆ. ಅದರ ಹಿಂದೆ ಚಿತ್ರಾನ್ನ. ನೆಲ ಕಾಣಲಿಲ್ಲ. ಒಲೆಯ ಮೇಲೆ ಚಿತ್ರಾನ್ನ, ಲೋಟಗಳೊಳಗೆ ಚಿತ್ರಾನ್ನ, ಫ್ಯಾನಿನ ರೆಕ್ಕೆಗೆ ಕರಿಬೇವು. ಗೋಡೆಗೆ ಅರಿಶಿನ ಹಚ್ಚಿ ಮೇಲೆ ಅಕ್ಷತೆ ಎರಚಿದ ಹಾಗೆ, ಇಡೀ ಟ್ರೈಲರಿಗೆ ರಾತ್ರೋರಾತ್ರಿ ಗೃಹಪ್ರವೇಶವಾಗಿತ್ತು. ಈ ಸಲ ಹೊಸ ನಿಯಮ ಬರಲಿಲ್ಲ. ಯಜಮಾನಿ ಪೆನ್ನು ತೆಗೆದು, ಏಳನೆಯ ನಿಯಮದ ಮೇಲೆ ಕೂತಿದ್ದ ನಾಲ್ಕು ಅಗುಳು ಅನ್ನ ಒರೆಸಿ, ಕೆಳಗೆ ಕೆಂಪು ಗೆರೆ ಎಳೆದರು. ಆಮೇಲೆ ನನ್ನ ಕೈಗೆ ಒಂದು ಪೊರಕೆ ಕೊಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಬೈದಿದ್ದರೇ ವಾಸಿಯಿತ್ತು.

ಉಳಿದ ದಿನಗಳಲ್ಲಿ ನನಗೆ ಒಪ್ಪಿಸಿದ ಕೆಲಸ ಬಾಳೆಹಣ್ಣು ಎಣಿಸುವುದು. ಎರಡು ಸಲ ತಪ್ಪು ಎಣಿಸಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮುಂದಿನ ಶನಿವಾರ ರಾತ್ರಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಮ್ಮಿನ ಮೇಲಿನ ಹಂತದಲ್ಲಿ ನಾವು ಅಡುಗೆಯವರೆಲ್ಲ ಕೂತಿದ್ದೆವು. ಹೆಂಡತಿಯೂ ಎಡಿಸನ್ನಿನಿಂದ ಬಂದಿದ್ದಳು. ನಮ್ಮ ತಂಡ ಮೈದಾನಕ್ಕಿಳಿಯಿತು. ಸಾವಿರಾರು ಜನ, ಸೂಜಿ ಬಿದ್ದರೆ ಕೇಳುವ ಮೌನ. ಡ್ರಮ್ ಮೇಜರ್ ಕೈ ಎತ್ತಿದ. ಕಹಳೆಗಳು ಬಾಯಿಗೆ ಏರಿದವು. ಎಪ್ಪತ್ತು ಮಕ್ಕಳು ಒಟ್ಟಿಗೆ, ತಳದವರೆಗೆ, ಉಸಿರೆಳೆದುಕೊಂಡರು.

ಆ ಮೌನದಲ್ಲಿ ನಾನೊಬ್ಬನೇ ಕೆಮ್ಮಿದೆ.

ಆಮೇಲಿನ ಹನ್ನೊಂದು ನಿಮಿಷದ ಬಗ್ಗೆ ಬರೆಯಲು ನನಗೆ ಯೋಗ್ಯತೆ ಇಲ್ಲ. ಅಷ್ಟು ಹೊತ್ತೂ ಬಾಯಿಗೆ ಹೆಂಡತಿಯ ಶಾಲು ಒತ್ತಿಕೊಂಡು ಕೂತಿದ್ದೆ. ಮುಗಿದ ಮೇಲೆ ಹೊರಗೆ ಸಿಕ್ಕ ಮಗಳು, ಬೆವರು, ಕಣ್ಣೀರು, ಬಣ್ಣ ಎಲ್ಲ ಮೆತ್ತಿದ ಮುಖದಲ್ಲಿ, ಒಂಬತ್ತು ದಿನಗಳ ನಂತರ ಮೊದಲ ಸಲ ಹತ್ತು ಜನರೆದುರು ನನ್ನನ್ನು "ಅಪ್ಪಾ" ಅಂದಳು. ಮುಂದಿನ ಮಾತು, "ಆ ಕೆಮ್ಮು ನಿಂದೇ ತಾನೇ?"

ಈ ವರ್ಷ ಅರ್ಜಿ ತುಂಬಿಲ್ಲ. ಕರೆಯುವ ಧೈರ್ಯ ಅವರಿಗೂ ಇರಲಾರದು ಅಂತ ಸುಮ್ಮನಿದ್ದೆ. ಮೊನ್ನೆ ಮೇ ಕೊನೆಯಲ್ಲಿ, ಬೇಸಿಗೆ ತರಬೇತಿ ಶುರುವಾದ ದಿನ, ಮಗಳು ಟ್ರೈಲರಿನ ಬಾಗಿಲ ಫೋಟೋ ಕಳಿಸಿದ್ದಳು. ಹಳೆಯ ಹಾಳೆ ಹೋಗಿ ಹೊಸದು ಬಂದಿದೆ. ಪೆನ್ನಿನ ಗೀಚು ಒಂದೂ ಇಲ್ಲ; ಗಾಳಿ ಪಂಪಿನಿಂದ ಗಾಳಿಯ ದಿಕ್ಕಿನವರೆಗೆ ನನ್ನ ನಾಲ್ಕೂ ನಿಯಮಗಳು ಅಚ್ಚಾಗಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು, ಶಾಶ್ವತವಾಗಿವೆ. ಈ ಸಲ ಕನ್ನಡಕ ಹಾಕಿಕೊಂಡೇ ಕೊನೆಯವರೆಗೂ ಓದಿದೆ. ಅಡಿಯಲ್ಲಿ ನಾನು ಕಾಣದಿದ್ದ ಇನ್ನೊಂದು ಸಾಲಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ, ಕಾಗುಣಿತ ತಪ್ಪಾಗಿ:

"16. ಆಲೆನ್‌ಟೌನ್ ಶನಿವಾರದ 'ಚಿತ್ರಾನಾ': ಒಂದೇ ಚೀಲ."

ಫೋನನ್ನು ಹೆಂಡತಿಗೆ ತೋರಿಸಿದೆ. ಅವಳು ಎರಡು ಬೆರಳಲ್ಲಿ ಹಿಗ್ಗಿಸಿ, ಬಹಳ ಹೊತ್ತು ನೋಡಿ ಹೇಳಿದಳು, "ರೀ, 'ಒಂದೇ' ಅನ್ನೋದರ ಕೆಳಗೆ ಮೂರು ಗೆರೆ ಇದೆ. ನೋಡಿಕೊಂಡ್ರಾ?"